ಎರೆಯಲ್ಲಿ ಟೈರು, ಬಂಡೆಯ ಮೇಲೆ ಲಾಕ್

ಹೊಳಲ್ಕೆರೆ ಕಡೆಯ ನಮ್ಮ ಅಡಿಕೆ ತೋಟಕ್ಕೆ ನಾನು ಓಡಿಸುವುದು ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್. ದಾವಣಗೆರೆ ತಾಲ್ಲೂಕಿನಲ್ಲಿ ಮೆಕ್ಕೆಜೋಳ ಬೆಳೆಯುವ ನಮ್ಮ ಭಾವನವರ ಬಳಿ ಇರುವುದು ಟೊಯೊಟಾ ಹೈಲಕ್ಸ್. ಪಿಕಪ್ ಕೊಳ್ಳಬೇಕೆಂದಿರುವ ಪರಿಚಯದ ರೈತರು ಈ ಎರಡರಲ್ಲಿ ಯಾವುದಕ್ಕೆ ನೆಲದ ಮೇಲೆ ಹಿಡಿತ ಹೆಚ್ಚು ಎಂದು ಕೇಳುತ್ತಲೇ ಇರುತ್ತಾರೆ. ಎರಡು ಮಳೆಗಾಲ ಎರಡನ್ನೂ ಎರಡು ಜಿಲ್ಲೆಗಳ ನೆಲದಲ್ಲಿ ಓಡಿಸಿದ ಮೇಲೆ, ಯಾವ ನೆಲ ಎಂದು ಮೊದಲು ಕೇಳಿಕೊಳ್ಳದೆ ಅದಕ್ಕೆ ಉತ್ತರ ಹೇಳುವುದು ಸರಿಯಲ್ಲ ಎಂಬುದು ನನಗೆ ಖಚಿತವಾಗಿದೆ.

ಕಾಗದದ ಮೇಲಿನ ಲೆಕ್ಕವನ್ನು ಬೇಗ ಮುಗಿಸುತ್ತೇನೆ. 2022ರಲ್ಲಿ ನಮ್ಮ ದೇಶಕ್ಕೆ ಬಂದ ಹೈಲಕ್ಸ್‌ನದು 2.8 ಲೀಟರ್ ಡೀಸೆಲ್ ಎಂಜಿನ್. ಅದರ ತಿರುಗಿಸುವ ಬಲ (ಟಾರ್ಕ್) ಆಟೊಮ್ಯಾಟಿಕ್ ಗೇರಿನಲ್ಲಿ 500 ನ್ಯೂಟನ್ ಮೀಟರ್, ಮ್ಯಾನುಯಲ್‌ನಲ್ಲಿ 420. ಅದಕ್ಕೂ ಮೊದಲು, 2016ರಲ್ಲೇ ಬಂದ ವಿ-ಕ್ರಾಸ್‌ನ ಈಗಿನ 1.9 ಲೀಟರ್ ಎಂಜಿನ್ನಿನ ಬಲ 360. ಭಾರ ಹೇರಿಕೊಂಡು ಹೆದ್ದಾರಿಯಲ್ಲಿ ಏರು ಹತ್ತುವಾಗ ಈ ಅಂತರ ಕಾಣುತ್ತದೆ, ನಿಜ. ಆದರೆ ಫೋರ್ ಲೋ, ಎಂದರೆ ನಾಲ್ಕೂ ಗಾಲಿಗೆ ಬಲ ಹೋಗುವ ನಿಧಾನದ ಗೇರು, ಹಾಕಿ ಮನುಷ್ಯ ನಡೆಯುವ ವೇಗದಲ್ಲಿ ಸಾಗುವಾಗ ಎರಡೂ ಎಂಜಿನ್‌ಗಳು ಗಾಲಿಗೆ ಬೇಕಾದುದಕ್ಕಿಂತ ಹೆಚ್ಚೇ ಬಲ ಕೊಡುತ್ತವೆ. ಹೊಲದಲ್ಲಿ ಗಾಡಿ ನಿಲ್ಲುವುದು ಬಲ ಸಾಲದೆ ಅಲ್ಲ, ಇರುವ ಬಲವನ್ನು ನೆಲ ಹಿಡಿದುಕೊಳ್ಳದೆ.

ನಮ್ಮ ಎರೆ ಭೂಮಿ ಅದನ್ನು ನನಗೆ ಚೆನ್ನಾಗಿಯೇ ಕಲಿಸಿತು. ಹಿಂದಿನ ರಾತ್ರಿ ಹದವಾಗಿ ಮಳೆ ಬಿದ್ದಿದ್ದ ಒಂದು ಮಧ್ಯಾಹ್ನ, ಗೊಬ್ಬರದ ಚೀಲ ಇಳಿಸಿ ಬರಲು ಭಾವನವರ ಹೊಲದ ಬಂಡಿದಾರಿಗೆ ನನ್ನ ಗಾಡಿಯನ್ನು ಇಳಿಸಿದೆ. ಚೀಲಗಳಿದ್ದಷ್ಟು ಹೊತ್ತು ತಕರಾರಿಲ್ಲದೆ ಹೋಯಿತು. ಖಾಲಿ ಮಾಡಿಕೊಂಡು ತಿರುಗಿ ಬರುವಾಗ ಹಿಂಭಾಗ ಬದುವಿನ ಕಡೆಗೆ ಜಾರುತ್ತ ಜಾರುತ್ತ ಕೊನೆಗೆ ನಿಂತೇ ಬಿಟ್ಟಿತು. ಕೆಳಗಿಳಿದು ನೋಡಿದರೆ ಟೈರಿನ ಕಚ್ಚುಗಳೆಲ್ಲ ಮಣ್ಣಿನಿಂದ ತುಂಬಿ, ನಾಲ್ಕೂ ಗಾಲಿಗಳು ನೀರು ಸವರಿದ ಮುದ್ದೆಯಂತೆ ನುಣ್ಣಗಾಗಿದ್ದವು. ಗುದ್ದಲಿಯ ಮೂಲೆಯಿಂದ ಕೆರೆದು ತೆಗೆದ ಮಣ್ಣು ಗಾಲಿ ಒಂದು ಸುತ್ತು ಬರುವುದರೊಳಗೆ ಮತ್ತೆ ಅಷ್ಟೇ ಮೆತ್ತಿಕೊಂಡಿತು. ಎಳೆಯಲು ಬಂದ ಹೈಲಕ್ಸ್‌ಗೂ ಅಲ್ಲಿ ಅದೇ ಗತಿಯಾಯಿತು. ಭಾವನವರು ಹಿಂದಿನ ಡಿಫರೆನ್ಷಿಯಲ್ ಲಾಕ್, ಎಂದರೆ ಎಡಬಲ ಗಾಲಿಗಳಿಗೆ ಬಲ ಹಂಚುವ ಗೇರಿನ ಬೀಗ, ಒತ್ತಿದಾಗ ಎರಡೂ ಹಿಂದಿನ ಗಾಲಿಗಳು ಒಂದೇ ವೇಗದಲ್ಲಿ ತಿರುಗಿದವು, ಒಂದೇ ವೇಗದಲ್ಲಿ ಮಣ್ಣಿನೊಳಗೆ ಇಳಿದವು. ಇದರಲ್ಲಿ ಯಾವ ಗಾಡಿಯದೂ ದೋಷವಿರಲಿಲ್ಲ. ಎರಡಕ್ಕೂ ಇದ್ದದ್ದು ಟಾರು ರಸ್ತೆಗೆಂದು ಮಾಡಿದ ಟೈರು.

ಎರೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಅಂಟುತ್ತದೆ, ಮೇಲ್ಪದರ ಎಣ್ಣೆಯಂತೆ ಜಾರುತ್ತದೆ. ಅಲ್ಲಿ ನಾಲ್ಕೂ ಗಾಲಿಗಳಿಗೆ ಬಲ ಹಂಚಿದರೂ, ಎಡಬಲ ಗಾಲಿಗಳನ್ನು ಲಾಕ್ ಮಾಡಿದರೂ, ಹಂಚಿಕೊಳ್ಳುವುದು ಇಲ್ಲದ ಹಿಡಿತವನ್ನೇ. ಕಚ್ಚುಗಳ ನಡುವೆ ಅಗಲ ಜಾಗವಿದ್ದು, ತಿರುಗುವಾಗ ಮಣ್ಣನ್ನು ತಾನೇ ಕೊಡವಿಕೊಳ್ಳುವ ಮಡ್ ಟೈರ್ ಮಾತ್ರ ಇಂಥ ನೆಲದಲ್ಲಿ ನಿಜವಾದ ವ್ಯತ್ಯಾಸ ತರುತ್ತದೆ. ಅದು ಇಲ್ಲದವರ ಕೈಯಲ್ಲಿ ಉಳಿಯುವುದು ಗಾಳಿ. "ಗಾಳಿ ಇಳಿಸ್ರಿ ಭಾವ, ಸುಮ್ನೆ ರೇಸ್ ಮಾಡಿದ್ರೆ ಇನ್ನೂ ಹೂತ್ಕೊಂತದೆ" ಎಂದು ಅಂದು ನಾನೇ ಹೇಳಿ, ಎರಡೂ ಗಾಡಿಗಳ ಟೈರುಗಳನ್ನು 18 ಪಾಯಿಂಟಿಗೆ ಇಳಿಸಿದೆವು. ಗಾಲಿಯ ಹೊಟ್ಟೆ ಅಗಲವಾಗಿ ನೆಲದ ಮೇಲೆ ಕೂತಿತು. ಹೈಲಕ್ಸ್‌ನ ಹಿಂದೆ ನಾಲ್ಕು ಚೀಲ ಮಣ್ಣು ಹೇರಿ, ಗಾಲಿಗಳ ಮುಂದೆ ಜೋಳದ ದಂಟು ಹಾಸಿ, ಎಕ್ಸಿಲರೇಟರ್ ಮುಟ್ಟಿಯೂ ಮುಟ್ಟದಂತೆ ಇಟ್ಟಾಗ ಅದು ತಾನಾಗಿ ಎದ್ದು ಬಂತು. ಆಮೇಲೆ ನನ್ನದನ್ನು ಎಳೆಯಿತು. ಖಾಲಿ ಪಿಕಪ್ಪಿನ ಹಿಂದಿನ ಗಾಲಿಗಳ ಮೇಲೆ ಭಾರವೇ ಇರುವುದಿಲ್ಲ ಎಂಬ ಸಣ್ಣ ಸಂಗತಿಯನ್ನು ಷೋರೂಮಿನಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ನಮ್ಮ ತೋಟದ ಹಿಂದಿನ ಗುಡ್ಡದ ಕಥೆಯೇ ಬೇರೆ. ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಸಲ ಕೋಡಿ ಬಿದ್ದ 2022ರ ಮಳೆಯಲ್ಲಿ, ಬೋರ್‌ವೆಲ್ ಕಡೆಗಿದ್ದ ದಾರಿಯ ಗರಸೆಲ್ಲ ಕೊಚ್ಚಿಹೋಗಿ ಬರೀ ಬಂಡೆಗಳು ಎದ್ದು ನಿಂತವು. ಆ ದಾರಿ ಒಂದು ಹಳ್ಳವನ್ನು ಓರೆಯಾಗಿ ದಾಟುತ್ತದೆ. ಗಾಡಿ ಅದಕ್ಕಿಳಿದಾಗ ಮುಂದಿನ ಎಡಗಾಲಿಯೂ ಹಿಂದಿನ ಬಲಗಾಲಿಯೂ ನೆಲ ಬಿಡುತ್ತವೆ. ಹಿಂದಿನ ಗಾಲಿಗೂ ಕಲ್ಲಿಗೂ ನಡುವೆ ನನ್ನ ಅಂಗೈಯನ್ನು ಅಡ್ಡವಾಗಿ ತೂರಿಸಬಹುದಿತ್ತು.

ಮಾಮೂಲಿ ಡಿಫರೆನ್ಷಿಯಲ್ ಎಡಕ್ಕೂ ಬಲಕ್ಕೂ ಸಮನಾದ ಬಲವನ್ನೇ ಕೊಡುತ್ತದೆ. ಗಾಳಿಯಲ್ಲಿರುವ ಗಾಲಿ ತಿರುಗಲು ಏನೂ ಬಲ ಬೇಡವಾದ್ದರಿಂದ, ನೆಲದ ಮೇಲೆ ಗಟ್ಟಿಯಾಗಿ ಕೂತಿರುವ ಗಾಲಿಗೂ ಸಿಗುವುದು ಏನೂ ಇಲ್ಲದಷ್ಟೇ. ಫೋರ್ ವ್ಹೀಲ್ ಹಾಕಿದ್ದರೂ ಮುಂದೊಂದು, ಹಿಂದೊಂದು ಗಾಲಿ ಸುಮ್ಮನೆ ಸುತ್ತುತ್ತ ಗಾಡಿ ನಿಂತಲ್ಲೇ ನಿಲ್ಲುವುದು ಇದರಿಂದಲೇ. ಇದಕ್ಕೆ ಎರಡು ಪರಿಹಾರಗಳಿವೆ. ನನ್ನ ವಿ-ಕ್ರಾಸ್‌ನಲ್ಲಿರುವ ಟ್ರ್ಯಾಕ್ಷನ್ ಕಂಟ್ರೋಲ್, ಸುಮ್ಮನೆ ಸುತ್ತುವ ಗಾಲಿಗೆ ತಾನೇ ಬ್ರೇಕ್ ಹಿಡಿದು, ಆ ಪ್ರತಿರೋಧದಿಂದ ಆಚೆಯ ಗಾಲಿಗೆ ಬಲ ಹುಟ್ಟಿಸುತ್ತದೆ. ಅದು ಕೆಲಸ ಮಾಡುತ್ತದೆ, ಆ ಹಳ್ಳವನ್ನು ನಾನು ದಾಟಿದ್ದೇನೆ. ಆದರೆ ಗಾಲಿ ಮೊದಲು ಸುತ್ತಬೇಕು, ಆಮೇಲೆ ಬ್ರೇಕ್ ಹಿಡಿಯಬೇಕು. ಅಷ್ಟರಲ್ಲಿ ಗಾಡಿ ಒಮ್ಮೆ ಕುಲುಕಿ, ಕಟಕಟ ಸದ್ದು ಮಾಡಿ, ಗೇಣುಗೇಣಾಗಿ ಮುಂದಕ್ಕೆ ಹೋಗುತ್ತದೆ. ಹೈಲಕ್ಸ್‌ನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಜೊತೆಗೆ ಲಾಕ್ ಇದೆ. ಗುಂಡಿ ಒತ್ತಿದರೆ ಹಿಂದಿನ ಎರಡು ಗಾಲಿಗಳು ಒಂದೇ ಅಚ್ಚಿಗೆ ಬೆಸೆದಂತಾಗಿ, ಕೂತಿರುವ ಗಾಲಿ ಗಾಡಿಯನ್ನು ನೂಕುತ್ತದೆ. ಭಾವನವರು ಅದೇ ಹಳ್ಳವನ್ನು ಒಂದು ಹರಳೂ ಸಿಡಿಯದಂತೆ ಏರಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಂಡೆಯ ಮೇಲೆ ಹೈಲಕ್ಸ್ ಮೇಲು. ಇದರಲ್ಲಿ ನನಗೆ ಅನುಮಾನವಿಲ್ಲ.

ಅಮೆರಿಕದ ದೊಡ್ಡ ಪಿಕಪ್‌ಗಳು ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿವೆ. ಷೆವ್ರೊಲೆ ಸಿಲ್ವರಾಡೊದ ಝಡ್‌ಆರ್2 ಮಾದರಿಗೂ ರ‍್ಯಾಮ್ ಪವರ್ ವ್ಯಾಗನ್‌ಗೂ ಹಿಂದೆ ಮಾತ್ರವಲ್ಲ, ಮುಂದಿನ ಗಾಲಿಗಳಿಗೂ ಲಾಕ್ ಇದೆ. ಪವರ್ ವ್ಯಾಗನ್‌ನಲ್ಲಂತೂ ಗಾಲಿಗಳು ಇನ್ನಷ್ಟು ಕೆಳಗಿಳಿದು ನೆಲ ಮುಟ್ಟಲೆಂದು ಮುಂದಿನ ಆ್ಯಂಟಿ-ರೋಲ್ ಬಾರನ್ನು (ತಿರುವಿನಲ್ಲಿ ಗಾಡಿ ವಾಲದಂತೆ ಎಡಬಲ ಗಾಲಿಗಳನ್ನು ಜೋಡಿಸುವ ಸರಳು) ಗುಂಡಿ ಒತ್ತಿ ಬಿಡಿಸಬಹುದು. ಯಂತ್ರವಾಗಿ ಅವು ನನಗೆ ಬಹಳ ಇಷ್ಟ. ಆದರೆ ಆ ವರ್ಗದ ಗಾಡಿಗಳು ಕನ್ನಡಿ ಬಿಟ್ಟೇ ಎರಡು ಮೀಟರಿಗಿಂತ ಅಗಲ, ಉದ್ದ ಆರು ಮೀಟರಿನ ಆಸುಪಾಸು. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನ ನಡುವೆ, ಬಸಿಗಾಲುವೆಯ ಪಕ್ಕದಲ್ಲಿ ಅದನ್ನು ತಿರುಗಿಸುವುದು ಆಗದ ಮಾತು. 1855 ಮಿಲಿಮೀಟರ್ ಅಗಲದ ಹೈಲಕ್ಸ್ ನಮ್ಮ ತೋಟದಲ್ಲಿ ಎರಡು ಸಲ ಹಿಂದೆಮುಂದೆ ಮಾಡಿಯೇ ತಿರುಗುತ್ತದೆ.

ಕಳೆದ ವಾರ ಹರಿಹರದ ಕಡೆಯ ಎರೆ ಹೊಲದ ಸ್ನೇಹಿತರೊಬ್ಬರಿಗೆ, ಕಡಿಮೆ ಬೆಲೆಯ ಗಾಡಿ ತೆಗೆದುಕೊಂಡು ಉಳಿದ ಹಣದಲ್ಲಿ ಒಳ್ಳೆಯ ಮಡ್ ಟೈರನ್ನೂ ಒಂದು ಗಾಳಿ ಪಂಪನ್ನೂ ಕೊಳ್ಳಿ ಎಂದೆ. ಹೊಸದುರ್ಗದ ಗುಡ್ಡದ ಅಂಚಿನಲ್ಲಿ ತೋಟ ಮಾಡಿರುವವರಿಗೆ ಲಾಕ್ ಇಲ್ಲದ ಗಾಡಿ ಬೇಡವೆಂದೆ. ಅವರಿಗೆ ಇನ್ನೊಂದು ಮಾತನ್ನೂ ಹೇಳಿದೆ: ಹಳ್ಳ ದಾಟಿದ ಕೂಡಲೇ, ತಿರುವಿಗೆ ಮೊದಲೇ ಲಾಕ್ ತೆಗೆಯಬೇಕು. ಬೆಸೆದ ಗಾಲಿಗಳು ಗಾಡಿಯನ್ನು ನೇರಕ್ಕೇ ನೂಕುತ್ತವೆ. ನಮ್ಮ ದಾರಿಯ ತಿರುವಿನಲ್ಲಿರುವ ಬೇವಿನ ಮರದ ತೊಗಟೆಯಲ್ಲಿ ಭಾವನವರ ಬಂಪರಿನ ಗುರುತು ಈಗಲೂ ಇದೆ.