ಸೋವಿಯತ್ ಅಂಗಿ ತೊಟ್ಟಿದ್ದ ವಾಲ್ಟರ್ಸ್ ಲಾಟ್ವಿಯಾದವರಿಗೆ ಇಷ್ಟು ಅಚ್ಚುಮೆಚ್ಚೇಕೆ?

ಬ್ಯಾಸ್ಕೆಟ್‌ಬಾಲ್ ಬಗ್ಗೆ ನಾನು ಬರೆಯುವುದನ್ನು ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ವಾಲ್ಡಿಸ್ ವಾಲ್ಟರ್ಸ್ ದೊಡ್ಡ ಪದಕಗಳನ್ನೆಲ್ಲ ಗೆದ್ದದ್ದು ಸೋವಿಯತ್ ಒಕ್ಕೂಟದ ಪರವಾಗಿ. ಆ ಒಕ್ಕೂಟದಿಂದ ಬಿಡಿಸಿಕೊಂಡು 1991ರಲ್ಲಿ ಮತ್ತೆ ಸ್ವತಂತ್ರವಾದ ಲಾಟ್ವಿಯಾ, ಆಟ ಬಿಟ್ಟು ಎಷ್ಟೋ ವರ್ಷಗಳಾದ ಈ ಆಟಗಾರನನ್ನು ಇಂದಿಗೂ ತನ್ನವನೆಂದು ಮೆರೆಸುವುದೇಕೆ?

ನನ್ನ ಉತ್ತರ 1935ರಿಂದ ಆರಂಭವಾಗುತ್ತದೆ. ಆ ವರ್ಷ ಜಿನೀವಾದಲ್ಲಿ ನಡೆದ ಮೊಟ್ಟಮೊದಲ ಯುರೋಪಿಯನ್ ಚಾಂಪಿಯನ್‌ಶಿಪ್‌ನ ಅಂತಿಮ ಪಂದ್ಯದಲ್ಲಿ ಲಾಟ್ವಿಯಾ ಸ್ಪೇನನ್ನು 24–18ರಿಂದ ಸೋಲಿಸಿತ್ತು. ಐದೇ ವರ್ಷಗಳಲ್ಲಿ ದೇಶ ಸೋವಿಯತ್ ವಶವಾಯಿತು. ಯುರೋಪಿನ ಮೊದಲ ಚಾಂಪಿಯನ್ನರಿಗೆ ಅಲ್ಲಿಂದ ಅರ್ಧ ಶತಮಾನ ತಮ್ಮ ಹೆಸರಿನ ರಾಷ್ಟ್ರೀಯ ತಂಡವೇ ಇರಲಿಲ್ಲ. ಹಾಗಾಗಿ ಜನರ ಅಭಿಮಾನವೆಲ್ಲ ರೀಗಾ ನಗರದ ಕ್ಲಬ್‌ಗಳ ಕಡೆಗೆ ಹರಿಯಿತು. 1958ರಿಂದ 1960ರವರೆಗೆ ಯುರೋಪಿಯನ್ ಚಾಂಪಿಯನ್ಸ್ ಕಪ್ಪನ್ನು ಸತತ ಮೂರು ಬಾರಿ ಗೆದ್ದ ಎಎಸ್‌ಕೆ ರೀಗಾ ಅವುಗಳಲ್ಲೊಂದು. ರೇಡಿಯೋ, ಟೆಲಿಫೋನ್ ತಯಾರಿಸುತ್ತಿದ್ದ ವೆಫ್ ಕಾರ್ಖಾನೆಯ ತಂಡ ಇನ್ನೊಂದು. 1957ರಲ್ಲಿ ರೀಗಾದಲ್ಲೇ ಹುಟ್ಟಿದ ವಾಲ್ಟರ್ಸ್ ಬೆಳೆದು ಹೆಸರಾದದ್ದು ಈ ವೆಫ್ ತಂಡದಲ್ಲಿ. ಮಾಸ್ಕೋದ ಸೇನಾ ಕ್ಲಬ್ಬು ಒಕ್ಕೂಟದ ಮೂಲೆಮೂಲೆಗಳಿಂದ ಒಳ್ಳೆಯ ಆಟಗಾರರನ್ನು ಸೆಳೆದುಕೊಳ್ಳುತ್ತಿದ್ದ ಕಾಲದಲ್ಲಿಯೂ ಅವರು ರೀಗಾದಲ್ಲೇ ಉಳಿದರು. ಅವರ ಜನಪ್ರಿಯತೆಯ ಬೇರು ಪದಕಗಳಿಗಿಂತ ಹೆಚ್ಚಾಗಿ ಇಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಪದಕಗಳೇನೂ ಸಣ್ಣವಲ್ಲ. 1981ರಲ್ಲಿ ಪ್ರಾಗ್‌ನಲ್ಲಿ, ಹಿಂದಿನ ವರ್ಷವಷ್ಟೇ ಒಲಿಂಪಿಕ್ ಚಿನ್ನ ಗೆದ್ದಿದ್ದ ಯುಗೊಸ್ಲಾವಿಯಾವನ್ನು ಸೋಲಿಸಿ ಸೋವಿಯತ್ ತಂಡ ಯುರೋಪಿನ ಚಾಂಪಿಯನ್ ಆಯಿತು. ದೈತ್ಯ ಸೆಂಟರ್ ಟ್ಕಾಚೆಂಕೊ ಅವರಂಥವರಿದ್ದ ಆ ತಂಡದಲ್ಲಿ, ಚೆಂಡನ್ನು ಹಂಚುತ್ತ ಆಟ ಕಟ್ಟುವ ಗಾರ್ಡ್ ಆಗಿದ್ದ ವಾಲ್ಟರ್ಸ್ ಅವರಿಗೆ ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು. ಚಿನ್ನವನ್ನು ಒಕ್ಕೂಟ ತನ್ನ ಲೆಕ್ಕಕ್ಕೆ ಬರೆದುಕೊಂಡಿತು, ನಿಜ. ಆದರೆ ಶ್ರೇಷ್ಠ ಆಟಗಾರನ ಪ್ರಶಸ್ತಿ ತಂಡದ್ದಲ್ಲ, ಒಬ್ಬ ಮನುಷ್ಯನದು, ಮತ್ತು ಆ ಮನುಷ್ಯ ರೀಗಾದವನು. ತಮ್ಮ ದೇಶದ ಹೆಸರು ಫಲಕದ ಮೇಲೆ ಕಾಣದಿದ್ದ ಜನರಿಗೆ ಆ ಒಂದು ಹೆಸರು ಎಷ್ಟು ದೊಡ್ಡದಾಗಿ ಕಂಡಿರಬೇಕು ಎಂಬುದನ್ನು ಪ್ರಶ್ನೆ ಕೇಳುವವರು ಒಮ್ಮೆ ಊಹಿಸಿಕೊಳ್ಳಬೇಕೆಂದು ನನ್ನ ವಿನಂತಿ. ಮರುವರ್ಷ ಕೊಲಂಬಿಯಾದ ಕಾಲಿಯಲ್ಲಿ ಅಮೆರಿಕವನ್ನು 95–94ರಿಂದ ಮಣಿಸಿ ವಿಶ್ವ ಚಾಂಪಿಯನ್ ಆದ ತಂಡದಲ್ಲೂ ಅವರಿದ್ದರು.

ಆಟ ನಿಲ್ಲಿಸಿದ ಮೇಲೂ ಅವರು ತರಬೇತುದಾರರಾಗಿ ಲಾಟ್ವಿಯಾದ ಬ್ಯಾಸ್ಕೆಟ್‌ಬಾಲ್ ಅಂಗಳವನ್ನು ಬಿಟ್ಟು ದೂರ ಸರಿಯಲಿಲ್ಲ. 2017ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಅವರನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿತು. ಆದರೆ ಹೊಸ ಪೀಳಿಗೆಗೆ ಅವರ ಹೆಸರನ್ನು ತಲುಪಿಸಿದವರಲ್ಲಿ ಅವರ ಮಕ್ಕಳ ಪಾಲು ದೊಡ್ಡದು. ಪ್ರಾಗ್ ಗೆಲುವಿನ ವರ್ಷವೇ ಹುಟ್ಟಿದ ಕ್ರಿಸ್ಟಾಪ್ಸ್ ಮತ್ತು ಅವರ ಸೋದರ ಸಾಂಡಿಸ್ ಇಬ್ಬರೂ ಲಾಟ್ವಿಯಾದ ಸ್ವಂತ ರಾಷ್ಟ್ರೀಯ ತಂಡಕ್ಕೆ ಆಡಿದರು.