ಯಾವ ಬೇಸ್ ಗಿಟಾರ್ ತಗೊಳ್ಳಲಿ ಅಂತ ಕೇಳುವವರಿಗೆ

“ಬೇಸ್ ಗಿಟಾರ್ ತಗೋಬೇಕು ಅಂತಿದ್ದೀನಿ. ಯಾವ ಕಂಪನೀದು ತಗೊಳ್ಳಲಿ?”

ಈ ಪ್ರಶ್ನೆ ನನಗೆ ಆಫೀಸಿನ ಕ್ಯಾಂಟೀನಿನಲ್ಲಿ ಬರುತ್ತದೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಬರುತ್ತದೆ. ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ, ವೇದಿಕೆ ಮೇಲೆ ಕೂತು ಕೇಬಲ್ ಸುತ್ತುತ್ತಿರುವಾಗಲೂ ಬರುತ್ತದೆ. ಬೇಸ್ ಅಂದರೆ ಹಾಡಿನ ತಳದ ದಪ್ಪ ಸ್ವರಗಳನ್ನು ನುಡಿಸುವ ಗಿಟಾರ್. ಅದರಲ್ಲಿ ನಾನು ಹವ್ಯಾಸಿ. ವಾರವೆಲ್ಲ ಕೆಲಸ, ವಾರದ ಕೊನೆಗೆ ಬ್ಯಾಂಡು. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಮೊದಲು. ಮೊದಲ ಸಲ ಕೊಳ್ಳುತ್ತಿದ್ದರೆ ಯಮಹಾ, ಐಬನೆಜ್, ಕಾರ್ಟ್, ಸ್ಕ್ವಯರ್ ಇವುಗಳಲ್ಲಿ ಯಾವುದಾದರೂ ಸರಿ. ನಾಲ್ಕು ತಂತಿಯದು ಸಾಕು. ಬ್ಯಾಟರಿ ಹಾಕುವ ಆಕ್ಟಿವ್ ಮಾಡೆಲ್ ಈಗಲೇ ಬೇಡ, ಪ್ಯಾಸಿವ್ ತಗೊಳ್ಳಿ. 15,000ದಿಂದ 25,000 ರೂಪಾಯಿಯೊಳಗೆ ವರ್ಷಗಟ್ಟಲೆ ನುಡಿಸಬಹುದಾದ ವಾದ್ಯ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಸುರಿದರೆ ಆ ವ್ಯತ್ಯಾಸ ಹೊಸ ಬೆರಳುಗಳಿಗೆ ಗೊತ್ತಾಗುವುದಿಲ್ಲ. ಸಿಕ್ಕಿತಲ್ಲ ಉತ್ತರ? ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಆದರೆ ಕೇಳುವವರು ಇಲ್ಲಿಗೆ ನಿಲ್ಲಿಸುವುದಿಲ್ಲ. ಎರಡನೇ ಮಾತು ಬಂದೇ ಬರುತ್ತದೆ. “ಸುಮ್ನೆ ಕಲಿಯೋಕೆ ಸಾರ್, ಆಮೇಲೆ ಲೀಡ್‌ಗೆ ಹೋಗ್ತೀನಿ.” “ನಾಲ್ಕೇ ತಂತಿ ಅಲ್ವಾ, ಈಸಿ ಇರತ್ತೆ.” “ಹೆಂಗಿದ್ರೂ ಅದು ಕೇಳಿಸಲ್ಲ, ಯಾವುದಾದ್ರೇನು?”

ನನಗೆ ಸಿಟ್ಟು ಬರುವುದು ಇಲ್ಲಿ.

ಮುಂದೆ ನಿಂತು ಸೋಲೋ ನುಡಿಸುವ ಲೀಡ್ ಗಿಟಾರ್ ಬೇಕಿದ್ದರೆ ಲೀಡ್ ಗಿಟಾರನ್ನೇ ಕಲಿಯಿರಿ. ಬೇಸ್ ಅದರ ಒಂದನೇ ಕ್ಲಾಸ್ ಅಲ್ಲ. ನಿಜ ಹೇಳಬೇಕೆಂದರೆ ಜನ ಹೋಗಿರುವುದು ಆ ಕಡೆಯಿಂದ ಈ ಕಡೆಗೆ. ಲಾಸ್ ಏಂಜಲಿಸ್‌ನ ಕ್ಯಾರಲ್ ಕೇ ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸ್ ನುಡಿಸುವವರು ಬರಲಿಲ್ಲ, ಇವರು ಕೈಗೆತ್ತಿಕೊಂಡರು. ಆಮೇಲೆ ಸಾವಿರಾರು ರೆಕಾರ್ಡಿಂಗ್‌ಗಳಲ್ಲಿ ಬೇಸ್ ನುಡಿಸಿದರು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೂಡ ಮೊದಲು ಗಿಟಾರಿನವರೇ. ಬೇಸ್ ನುಡಿಸುತ್ತಿದ್ದ ಗೆಳೆಯ ಬ್ಯಾಂಡ್ ಬಿಟ್ಟಾಗ ಇವರು ಆ ಜಾಗಕ್ಕೆ ಬಂದರು. ನಮ್ಮ ಹವ್ಯಾಸಿ ಬ್ಯಾಂಡುಗಳಲ್ಲೂ ಬಹಳ ಮಂದಿ ಹೀಗೇ ಬಂದವರು. ಮೂವರು ಗಿಟಾರಿನವರು ಸೇರುತ್ತಾರೆ, ಒಬ್ಬರು ಸರಿಯಬೇಕಾಗುತ್ತದೆ. ಸರಿದವರು ವಾಪಸ್ ಹೋಗುವುದು ಕಡಿಮೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾಲ್ಕು ತಂತಿ ಸುಲಭ ಅನ್ನುವವರಿಗೆ ಒಂದು ಉದಾಹರಣೆ ಸಾಕು. ಗಿಟಾರಿನವರು ಸಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದಿದ್ದಾರೆ ಅಂದುಕೊಳ್ಳಿ. ಅದರಲ್ಲಿರುವ ಸ್ವರಗಳು ಸಿ, ಇ, ಜಿ. ಬೇಸ್‌ನಲ್ಲಿ ನಾನು ಸಿ ನುಡಿಸಿದರೆ ಅದು ಸಿ ಮೇಜರ್ರೇ. ನಾನು ಎ ನುಡಿಸಿದರೆ? ಕೇಳುವವರ ಕಿವಿಗೆ ಅದು ಎ ಮೈನರ್ ಸೆವೆನ್ ಅನ್ನುವ ಬೇರೆಯೇ ಕಾರ್ಡ್. ಗಿಟಾರಿನವರ ಬೆರಳು ಅಲ್ಲಾಡಿಲ್ಲ. ಹಾಡುವವರು ಏನೂ ಬದಲಾಯಿಸಿಲ್ಲ. ಆದರೂ ನಗುತ್ತಿದ್ದ ಹಾಡಿನ ಮುಖ ಸಪ್ಪಗಾಯಿತು. ಇಡೀ ಬ್ಯಾಂಡಿನ ಅರ್ಥವನ್ನು ಒಂದು ಬೆರಳು ತಿರುಗಿಸಬಲ್ಲದು ಅಂತಾದರೆ ಆ ಬೆರಳಿನ ಕೆಲಸ ಸುಲಭ ಹೇಗಾಗುತ್ತದೆ?

ಇನ್ನು ಕೇಳಿಸಲ್ಲ ಅನ್ನುವ ಮಾತು. ಬೇಸ್‌ನ ದಪ್ಪ ತಂತಿಯನ್ನು ಬೆರಳಿಡದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರಿಗಿಂತ ಜಾಸ್ತಿ. ನಿಮ್ಮ ಫೋನಿನ ಸ್ಪೀಕರ್ ಎಷ್ಟು ದೊಡ್ಡದಿದೆ? ಫೋನಿನಲ್ಲಿ ಹಾಡು ಕೇಳಿ ಬೇಸ್ ಕೇಳಿಸಲ್ಲ ಅನ್ನುವುದು ನ್ಯಾಯವಲ್ಲ. 1951ರಲ್ಲಿ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ಪ್ರಿಸಿಶನ್ ಬೇಸ್ ತಂದದ್ದೇ ಕೇಳಿಸಲಿ ಅಂತ. ಅಲ್ಲಿಯವರೆಗೆ ಬ್ಯಾಂಡುಗಳಲ್ಲಿ ಆಳೆತ್ತರದ ಡಬಲ್ ಬೇಸ್ ಇತ್ತು. ಹೊತ್ತು ತಿರುಗುವುದು ಕಷ್ಟ. ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರಿನ ನಡುವೆ ಅದರ ದನಿ ಮುಳುಗಿಹೋಗುತ್ತಿತ್ತು. ಫೆಂಡರ್ ಅದನ್ನು ಗಿಟಾರಿನ ಹಾಗೆ ಹೆಗಲಿಗೆ ಹಾಕಿಕೊಳ್ಳುವಂತೆ ಮಾಡಿದರು. ಸ್ವರ ಜಾರದಂತೆ ನೆಕ್ ಮೇಲೆ, ಅಂದರೆ ಎಡಗೈ ಹಿಡಿಯುವ ಉದ್ದನೆಯ ಮರದ ಮೇಲೆ, ಫ್ರೆಟ್ ಅನ್ನುವ ಲೋಹದ ಅಡ್ಡಪಟ್ಟಿಗಳನ್ನು ಹಾಕಿದರು. ತಂತಿಯ ಅಳತೆ 34 ಇಂಚು ಇಟ್ಟರು. ಇವತ್ತಿಗೂ ಹೆಚ್ಚಿನ ಬೇಸ್‌ಗಳು ಅದೇ ಅಳತೆಯಲ್ಲಿವೆ.

ನಮ್ಮ ಕಿವಿಗೂ ಬೇಸ್ ಹೊಸದಲ್ಲ. ಇಳಯರಾಜ ಅವರು ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಎಷ್ಟೋ ಕನ್ನಡ ಸಿನಿಮಾಗಳಿಗೆ ಕೆಲಸ ಮಾಡಿ ಮೇಲೆ ಬಂದವರು. ಅವರು ಸಂಗೀತ ಕೊಟ್ಟ 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಹಾಡುಗಳನ್ನು ಒಮ್ಮೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಹಾಡುವ ದನಿಯನ್ನು ಬಿಟ್ಟುಬಿಡಿ. ಅದರ ಕೆಳಗೆ ಓಡುವುದನ್ನು ಮಾತ್ರ ಹಿಂಬಾಲಿಸಿ. ಒಂದು ಸಲ ಕಿವಿಗೆ ಸಿಕ್ಕಿದರೆ ಅದನ್ನು ಬಿಟ್ಟು ಆ ಹಾಡು ಕೇಳಲು ನಿಮ್ಮಿಂದ ಆಗುವುದಿಲ್ಲ.

ಕಂಪನಿ ಹೆಸರಿಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ ಅನ್ನುತ್ತೇನೆ ಗೊತ್ತಾ? ನಮ್ಮ ಡ್ರಮ್ಮರ್‌ನ ಆಫೀಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಒಳ್ಳೆಯ ಕಂಪನಿಯ ಬೇಸನ್ನೇ ಆನ್‌ಲೈನ್‌ನಲ್ಲಿ ತರಿಸಿಕೊಂಡಿದ್ದ. ಕೆಲವು ತಿಂಗಳು ವಿಡಿಯೋ ನೋಡಿ ಕಲಿತ. ಆಮೇಲೆ ಒಂದು ಭಾನುವಾರ ಅದನ್ನು ಹೊತ್ತುಕೊಂಡು ನಮ್ಮ ಬ್ಯಾಂಡಿನ ಅಭ್ಯಾಸ ನಡೆಯುವ ಜ್ಯಾಮ್ ರೂಮಿಗೆ ಬಂದ. ಬಂದವನು ಚೀಲ ಬಿಚ್ಚುವ ಮೊದಲೇ ಹೇಳಿದ: “ಸಾರ್, ಇದು ನನ್ ಕೈಯಲ್ಲಿ ಆಗಲ್ಲ ಅನ್ಸತ್ತೆ. ಬೆರಳೆಲ್ಲ ಉರಿ. ಯಾರಾದ್ರೂ ತಗೋತಾರಾ ನೋಡಿ, ಮಾರಿಬಿಡ್ತೀನಿ.”

ನಾನು ಬೇಸನ್ನು ಕೈಗೆ ತಗೊಂಡೆ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿದೆ. ಮರ ಎದ್ದು ಕಾಣುವಷ್ಟು ಬಾಗಿತ್ತು. 12ನೇ ಫ್ರೆಟ್ ಹತ್ತಿರ ತಂತಿಯ ಅಡಿಯಲ್ಲಿ ಪೆನ್ಸಿಲ್ ತೂರುತ್ತಿತ್ತು. ಅಷ್ಟು ಎತ್ತರದ ತಂತಿಯನ್ನು ಒತ್ತಿದರೆ ಯಾರ ಬೆರಳಾದರೂ ಉರಿಯುತ್ತದೆ. ಬೆರಳಿಡದೆ ಮೀಟಿದರೆ ಶ್ರುತಿ ಸರಿ. ಅದೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿದರೆ ಶ್ರುತಿ ತೋರಿಸುವ ಟ್ಯೂನರ್‌ನ ಮುಳ್ಳು ಬಲಕ್ಕೆ, ಅಂದರೆ ಶ್ರುತಿ ಏರಿದ ಕಡೆಗೆ, ಓಡುತ್ತಿತ್ತು. ಅಂದರೆ ಈ ಹುಡುಗ ತಿಂಗಳುಗಟ್ಟಲೆ ಸರಿಯಾಗಿ ಬೆರಳಿಟ್ಟು ಅಪಸ್ವರ ಕೇಳಿದ್ದಾನೆ. ತಪ್ಪು ತನ್ನದೇ ಅಂದುಕೊಂಡಿದ್ದಾನೆ. ನನಗೆ ಅವತ್ತು ನಿಜವಾಗಿ ಹೊಟ್ಟೆ ಉರಿಯಿತು. ಮಾರುವವರು ಡಬ್ಬಿಯಲ್ಲಿ ಹಾಕಿ ಕಳಿಸಿದರೆ ಕೆಲಸ ಮುಗಿಯಿತಾ? ಕಷ್ಟಪಟ್ಟು ದುಡ್ಡು ಕೂಡಿಸಿ ಕೊಂಡವನು ತನಗೆ ಸಂಗೀತವೇ ಬರಲ್ಲ ಅಂತ ಮೂಲೆಗೆ ಕೂರಬೇಕಾ?

ಪರಿಚಯದ ರಿಪೇರಿಯವರ ಹತ್ತಿರ ಕಳಿಸಿದೆ. ನೆಕ್ ಒಳಗೆ ಉದ್ದಕ್ಕೂ ಒಂದು ಉಕ್ಕಿನ ಕಂಬಿ ಇರುತ್ತದೆ. ಅದಕ್ಕೆ ಟ್ರಸ್ ರಾಡ್ ಅನ್ನುತ್ತಾರೆ. ತಂತಿಗಳ ಎಳೆತಕ್ಕೆ ಮರ ಬಾಗದಂತೆ ಅದು ಹಿಡಿದಿರುತ್ತದೆ. ಅವರು ಅಲೆನ್ ಕೀ ಹಾಕಿ ಅದನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ತಂತಿಗಳ ಕೆಳತುದಿಯ ಬ್ರಿಡ್ಜಿನಲ್ಲಿ ಅವನ್ನು ಹೊತ್ತಿರುವ ಸ್ಯಾಡಲ್‌ಗಳನ್ನು ಇಳಿಸಿದರು, ಆಮೇಲೆ ಹಿಂದೆ ಸರಿಸಿ ಶ್ರುತಿ ಕೂಡಿಸಿದರು. ಇದನ್ನೇ ಸೆಟಪ್ ಅನ್ನುವುದು. ದುಬಾರಿ ಬೇಸ್‌ಗೂ ಇದು ಬೇಕು. ಒಮ್ಮೆ ಮಾಡಿಸಿದರೆ ಮುಗಿಯುವುದೂ ಇಲ್ಲ. ಮಳೆಗಾಲ ಬಂದು ಹವೆ ಬದಲಾದರೆ ಮರ ಮತ್ತೆ ಅಲ್ಲಾಡುತ್ತದೆ. ಅದಕ್ಕೇ ಹೇಳುವುದು, ಇರುವ ದುಡ್ಡನ್ನೆಲ್ಲ ವಾದ್ಯಕ್ಕೇ ಹಾಕಬೇಡಿ. ಸೆಟಪ್‌ಗೆ, ಗಟ್ಟಿ ಕೇಬಲ್‌ಗೆ, ಅಗಲವಾದ ಸ್ಟ್ರಾಪ್‌ಗೆ, ಒಂದು ಟ್ಯೂನರ್‌ಗೆ ಎತ್ತಿಡಿ. ಆಂಪ್ ಅಂದರೆ ವಾದ್ಯದ ದನಿ ಜೋರು ಮಾಡುವ ಯಂತ್ರ. ಮನೆಯಲ್ಲಿ ಕಲಿಯಲು ಹೆಡ್‌ಫೋನ್ ಆಂಪ್ ಸಾಕು. ಗೆಳೆಯನ ಪುಟ್ಟ ಗಿಟಾರ್ ಆಂಪ್‌ಗೆ ಬೇಸ್ ಚುಚ್ಚಿ ಜೋರು ಮಾಡಬೇಡಿ, ಸ್ಪೀಕರ್ ಹರಿದುಹೋಗುತ್ತದೆ. ಡ್ರಮ್ಸ್ ಜೊತೆ ನುಡಿಸಲು 100 ವ್ಯಾಟ್ ಆಂಪ್ ಆದರೂ ಬೇಕಾಗುತ್ತದೆ, ಆದರೆ ಅದು ಜ್ಯಾಮ್ ರೂಮಿನಲ್ಲಿ ಇರುತ್ತದೆ. ನೀವು ಕೊಳ್ಳಬೇಕಿಲ್ಲ.

ಆ ಹುಡುಗ ಸೆಟಪ್ ಆದ ಬೇಸ್ ಹಿಡಿದು ಮತ್ತೆ ಬಂದ. ನಾವು ಒಂದು ಹಾಡಿಗೆ ಅವನನ್ನೇ ನಿಲ್ಲಿಸಿದೆವು. ಸರಳವಾದ ಕಾರ್ಡ್ಸ್, ನಿಧಾನದ ಹಾಡು. ಆಂಪ್ ಆನ್ ಮಾಡಿದ ಮೇಲೆ ಅವನು ನನ್ನ ಕಡೆ ತಿರುಗಿ ಕೇಳಿದ: “ಸಾರ್, ನುಡಿಸುವಾಗ ಯಾರನ್ನ ಕೇಳಿಸ್ಕೋಬೇಕು?”

ನೋಡಿ, ಪ್ರಶ್ನೆ ಅಂದರೆ ಇದು. ಇಷ್ಟು ವರ್ಷದಲ್ಲಿ ಕಂಪನಿ ಕೇಳಿದವರು ಬೇಕಾದಷ್ಟು ಜನ. ಬೆಲೆ ಕೇಳಿದವರು, ಬಣ್ಣ ಕೇಳಿದವರೂ ಇದ್ದಾರೆ. ಇದನ್ನು ಕೇಳಿದವನು ಅವನೇ. ಅವನಿಗೆ ಕೊಟ್ಟ ಉತ್ತರವನ್ನು ನಿಮಗೂ ಕೊಡುತ್ತೇನೆ, ಕೇಳದಿದ್ದರೂ.

ಮೊದಲು ಡ್ರಮ್ಮರ್‌ನ ಬಲಗಾಲು. ಆ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಬೀಳುವ ಕ್ಷಣಕ್ಕೂ ನಿಮ್ಮ ಬೆರಳು ತಂತಿ ಬಿಡುವ ಕ್ಷಣಕ್ಕೂ ನಡುವೆ ಸಂದು ಇರಬಾರದು. ಎರಡೂ ಸೇರಿ ಒಂದೇ ಸದ್ದು ಆಗಬೇಕು. ಕೇಳುವವರಿಗೆ ಎದೆಗೆ ಗುದ್ದಿದ ಹಾಗೆ ಆಗುವುದು ಆಗಲೇ. ಡ್ರಮ್ಮರ್ ಉತ್ಸಾಹದಲ್ಲಿ ವೇಗ ಏರಿಸಿದರೆ? ಜೊತೆಗೇ ಹೋಗಿ. ಹಾಡು ಮುಗಿದ ಮೇಲೆ ಜಗಳ ಆಡಿ. ನೀವು ಸರಿ ಅಂತ ಹಳೇ ವೇಗದಲ್ಲೇ ನಿಂತರೆ ಬ್ಯಾಂಡು ಎರಡು ಹೋಳಾಗುತ್ತದೆ.

ಎರಡನೆಯದು ಕೀಬೋರ್ಡಿನವರ ಎಡಗೈ. ಒಬ್ಬರೇ ನುಡಿಸಿ ರೂಢಿಯಾದವರು ಎಡಗೈಯಲ್ಲಿ ಬೇಸ್ ಸ್ವರಗಳನ್ನೂ ತುಂಬುತ್ತಾರೆ. ಅವರದೂ ನಿಮ್ಮದೂ ಸೇರಿ ಕೆಳಗೆಲ್ಲ ರಾಡಿಯಾಗುತ್ತದೆ. ಗೌರವದಿಂದಲೇ ಹೇಳಿ: “ಅಣ್ಣಾ, ಎಡಗೈ ಸ್ವಲ್ಪ ಮೇಲೆ ಇಟ್ಕೊಳ್ಳಿ.” ಹವ್ಯಾಸಿ ಬ್ಯಾಂಡಿನಲ್ಲಿ ಈ ಒಂದು ಮಾತು ಹೊಸ ಆಂಪ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಮೂರನೆಯದು ಹಾಡುವವರ ಉಸಿರು. ಸಾಲು ಮುಗಿದು ಅವರು ಉಸಿರು ಎಳೆದುಕೊಳ್ಳುವ ಜಾಗದಲ್ಲಿ ಮಾತ್ರ ನಿಮ್ಮ ಕೈಚಳಕ. ಉಳಿದ ಕಡೆ ಅವರಿಗೆ ನೆಲ ಹಾಸಿಕೊಡುವುದೇ ಕೆಲಸ. ಸ್ವರ ಶುರು ಮಾಡುವುದರಷ್ಟೇ ನಿಲ್ಲಿಸುವುದೂ ಮುಖ್ಯ. ಟಪ್ ಅನ್ನುವ ಸ್ನೇರ್ ಡ್ರಮ್ ಬೀಳುವಾಗ ಎಡಗೈ ಸಡಿಲ ಬಿಟ್ಟು ತಂತಿಯನ್ನು ಮೌನ ಮಾಡಿ ನೋಡಿ. ಅದೇ ಎರಡು ಸ್ವರ, ಅದೇ ಹಾಡು, ಆದರೆ ಕೂತವರ ಕಾಲು ತಾನಾಗಿ ಕುಣಿಯುತ್ತದೆ. ಗಿಟಾರಿನಿಂದ ಈ ಕಡೆಗೆ ಸರಿದವರು ವಾಪಸ್ ಹೋಗದೆ ಇರುವುದು ಇದಕ್ಕೇ. ಇಡೀ ಬ್ಯಾಂಡು ನಿಮ್ಮ ಬೆರಳಿನ ಕೆಳಗೆ ಒಂದಾಗಿ ಅಲ್ಲಾಡುವುದನ್ನು ಒಮ್ಮೆ ಅನುಭವಿಸಿದ ಮೇಲೆ ಮುಂದೆ ನಿಂತು ಸೋಲೋ ಹೊಡೆಯಬೇಕು ಅನ್ನಿಸುವುದಿಲ್ಲ. ನನಗಂತೂ ಅನ್ನಿಸಿಲ್ಲ.

ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ರೆಕಾರ್ಡುಗಳಲ್ಲಿ ಬೇಸ್ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಅವರನ್ನು ಇಂಥ ಕಡೆ ನೆನೆಯಲೇಬೇಕು. ಅವರ ಹತ್ತಿರ ಇದ್ದದ್ದು 1962ರ ಒಂದು ಪ್ರಿಸಿಶನ್ ಬೇಸ್. ಮೀಟುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದ. ತಂತಿ ತುಂಡಾಗದೆ ಬದಲಿಸುತ್ತಿರಲಿಲ್ಲ. ಎಷ್ಟೋ ವರ್ಷ ರೆಕಾರ್ಡುಗಳ ಮೇಲೆ ಅವರ ಹೆಸರೂ ಅಚ್ಚಾಗುತ್ತಿರಲಿಲ್ಲ. ಇವತ್ತು ಬೇಸ್ ಹಿಡಿದವರೆಲ್ಲ ಅವರನ್ನು ಕೇಳಿಯೇ ಕಲಿಯುತ್ತಾರೆ.

ಹಾಗಾಗಿ ನನ್ನ ಸಲಹೆ ತಲೆಕೆಳಗಾಗಿ ಕಾಣಬಹುದು. ಮೊದಲು ಡ್ರಮ್ಮರ್ ಹುಡುಕಿ, ಆಮೇಲೆ ಬೇಸ್ ಕೊಳ್ಳಿ. ಬೇಸ್ ನುಡಿಸುವವರಿಗೆ ಬ್ಯಾಂಡ್ ಸಿಗುವುದು ಕಷ್ಟವೇ ಅಲ್ಲ. ಜ್ಯಾಮ್ ರೂಮಿನವರಿಗೆ ಹೇಳಿಡಿ. ಆಫೀಸಿನ ಬ್ಯಾಂಡ್ ಅಭ್ಯಾಸಕ್ಕೆ ಹೋಗಿ ಕೂರಿ. ಬೆಂಗಳೂರಿನಲ್ಲಿ ಸ್ವಾತಂತ್ರ್ಯ ದಿನದ ಹೊತ್ತಿಗೆ ನಡೆಯುತ್ತ ಬಂದಿರುವ ಫ್ರೀಡಂ ಜ್ಯಾಮ್ ಸಂಗೀತೋತ್ಸವದಂಥ ಕಡೆ ಸುಮ್ನೆ ಒಂದು ದಿನ ನಿಂತರೂ ನಿಮ್ಮಂಥವರು ಸಿಗುತ್ತಾರೆ.

ಯಾರ ಜೊತೆ ನುಡಿಸುತ್ತೀರಿ ಅನ್ನುವುದು ಗೊತ್ತಾದರೆ ಯಾವುದು ಕೊಳ್ಳಬೇಕು ಅನ್ನುವುದೂ ಗೊತ್ತಾಗುತ್ತದೆ. ಸಿನಿಮಾ ಹಾಡುಗಳ ಆರ್ಕೆಸ್ಟ್ರಾ ಆದರೆ ಮುಂದೆ ಐದು ತಂತಿಯದು ಬೇಕಾಗಬಹುದು. ಅಲ್ಲಿ ಹಾಡುವವರಿಗೆ ತಕ್ಕಂತೆ ಶ್ರುತಿ ಬದಲಾಗುತ್ತದೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಮುಗಿಸುತ್ತಾರೆ, ನಮಗೆ ಆ ಬಟನ್ ಇಲ್ಲ. ಡಿ ಅಥವಾ ಇ ಫ್ಲ್ಯಾಟ್‌ಗೆ ಇಳಿದರೆ ನಾಲ್ಕು ತಂತಿಯಲ್ಲಿ ಕೆಳಗಿನ ಸ್ವರ ಇರುವುದಿಲ್ಲ. ಕೈ ಚಿಕ್ಕದಿದ್ದವರಿಗೆ ತಂತಿಯ ಅಳತೆ 30 ಇಂಚು ಇರುವ ಬೇಸ್‌ಗಳಿವೆ. ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಪಿಟೀಲಿನ ಆಕಾರದ ಹಾಫ್ನರ್ ಕೂಡ ಅದೇ ಅಳತೆಯದು. ನಾಚಿಕೆ ಬೇಡ. ಆಕ್ಟಿವ್ ಬೇಸ್ ಇದ್ದವರು ನುಡಿಸಿ ಆದಮೇಲೆ ಕೇಬಲ್ ಕಿತ್ತಿಡಿ. ಚುಚ್ಚಿಯೇ ಬಿಟ್ಟರೆ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ಕಾರ್ಯಕ್ರಮದ ನಡುವೆ ದನಿ ಸಾಯುತ್ತದೆ.

ಹಳೆಯದು ಸಿಕ್ಕಿದರೂ ತಗೊಳ್ಳಬಹುದು. ನೆಕ್ ಸೇರುವ ಕಡೆ, ತಲೆಯ ಹಿಂದೆ ಬಿರುಕು ಇದೆಯಾ ನೋಡಿ. ನೆಕ್ ಅಂಚಿನ ಮೇಲೆ ಅಂಗೈ ಸವರಿ, ಫ್ರೆಟ್ ತುದಿ ಗೀಚಬಾರದು. ನಾಲ್ಕೂ ತಂತಿಯನ್ನು ಒಂದೊಂದು ಫ್ರೆಟ್‌ನಲ್ಲೂ ಒತ್ತಿ ಮೀಟಿ, ಎಲ್ಲಿ ಗರಗರ ಅನ್ನುತ್ತದೆ ಕೇಳಿ. ಗುಂಡಿ ತಿರುಗಿಸುವಾಗ ಕರಕರ ಅನ್ನಬಾರದು. ಬೇಸ್ ಅಂದರೆ ಸುಮಾರು 4 ಕೆಜಿ ತೂಕ. ಕೂತು ನೋಡಿ ಕೊಳ್ಳಬೇಡಿ, ಹೆಗಲಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ನಿಲ್ಲಿ. ಕೈ ಬಿಟ್ಟರೆ ತಲೆ ನೆಲದ ಕಡೆ ವಾಲುವ ಬೇಸ್ ಬೇಡವೇ ಬೇಡ.

ಡ್ರಮ್ಮರ್ ಸಿಕ್ಕಿದ ಮೇಲೆ ನನಗೆ ಫೋನ್ ಮಾಡಿ, ಅಂಗಡಿಗೆ ನಾನೂ ಬರುತ್ತೇನೆ. ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗೋಣ. ಸಂಜೆ ಅಲ್ಲಿ ನಾಲ್ಕು ಜನ ಒಟ್ಟಿಗೆ ಗಿಟಾರ್ ಬಾರಿಸುತ್ತಿರುತ್ತಾರೆ, ಯಾವ ಫ್ರೆಟ್ ಗರಗರ ಅನ್ನುತ್ತದೆ ಅಂತ ಗೊತ್ತೇ ಆಗುವುದಿಲ್ಲ.