ಯು2, ಯು3

2024ರ ಜುಲೈ ಮೊದಲ ವಾರ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ತುಮಕೂರಿನ ಬಿ.ಎಚ್. ರಸ್ತೆಯ ನಮ್ಮ ಆಫೀಸಿಗೆ ಬಂದೆ. ಗ್ರಾಹಕರೊಬ್ಬರ ಮೇಲ್ ಬಂದಿತ್ತು: "ನಿಮ್ಮ ಎರಡೂ ಸರ್ವರ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ 9.2 ಇದೆ. ಸಂಜೆಯೊಳಗೆ 9.8 ಹಾಕಿ."

ಓಪನ್‌ಎಸ್‌ಎಸ್‌ಎಚ್ ಅಂದರೆ ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಸಾಫ್ಟ್‌ವೇರ್. ವಿಷಯ ನನಗೆ ಗೊತ್ತಿತ್ತು. ಜುಲೈ 1ರಂದು ಅದರಲ್ಲಿನ ಒಂದು ಭದ್ರತಾ ಲೋಪ ಹೊರಬಿದ್ದಿತ್ತು. ಇಂಥ ಲೋಪಗಳಿಗೆ ಕೊಡುವ ಸಿವಿಇ ನಂಬರ್‌ಗಳಲ್ಲಿ ಅದರದ್ದು ಸಿವಿಇ-2024-6387. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರರಾಗಿ, ಒಳಗೆ ಬರಬಹುದಾದ ಲೋಪ ಅದು. ಹಿಂದಿನ ದಿನವೇ ಎರಡೂ ಕಡೆ ಅಪ್‌ಡೇಟ್ ಮಾಡಿದ್ದೆ. ಆದರೂ 9.2 ಅಂತಲೇ ತೋರಿಸುತ್ತಿತ್ತು. ನಮ್ಮ ಸರ್ವರ್‌ಗಳಲ್ಲಿದ್ದ ಲಿನಕ್ಸ್, ಅಂದರೆ ಡೆಬಿಯನ್ 12ರಲ್ಲಿ 9.8 ಇರಲಿಲ್ಲ. ಸರಿ, ಸೋರ್ಸ್ ತಂದು ನಾನೇ ಕಂಪೈಲ್ ಮಾಡ್ತೀನಿ ಅಂತ ಕೂತೆ.

ಪಕ್ಕದ ಟೇಬಲ್‌ನ ಅಕ್ಕ ಇಣುಕಿ ನೋಡಿದರು. "ತಡಿ. ವರ್ಷನ್ ನಂಬರ್ ಪೂರ್ತಿ ಓದು."

"9.2 ಅಕ್ಕ."

"ಪೂರ್ತಿ ಅಂದೆ."

ಸ್ಕ್ರೀನ್ ಮೇಲೆ 1:9.2ಪಿ1-2+ಡೆಬ್12ಯು3 ಅಂತಿತ್ತು. ಇಷ್ಟು ವರ್ಷ ನನ್ನ ಕಣ್ಣು ಎರಡನೇ ಅಂಕಿಗೇ ನಿಂತುಬಿಡುತ್ತಿತ್ತು.

ಅಕ್ಕ ಬೆರಳಿಟ್ಟು ತೋರಿಸಿದರು. ಮೊದಲಿನ 1: ಅನ್ನೋದು ಎಪೋಕ್. ಹೋಲಿಸುವಾಗ ಇದನ್ನೇ ಮೊದಲು ನೋಡೋದು, ಹಾಗಾಗಿ 1:1.0 ಕೂಡ ಎಪೋಕ್ ಇಲ್ಲದ 9.0ಗಿಂತ ಹೊಸದು. 9.2ಪಿ1 ಓಪನ್‌ಎಸ್‌ಎಸ್‌ಎಚ್ ಬರೆಯುವವರು ಕೊಟ್ಟ ನಂಬರ್. ಕೊನೆಯ ಅಡ್ಡಗೆರೆ ಆದಮೇಲೆ ಇರೋದೆಲ್ಲ ಡೆಬಿಯನ್‌ನಲ್ಲಿ ಪ್ಯಾಕೇಜ್ ಕಟ್ಟುವವರ ಕೆಲಸ. ಡೆಬ್12ಯು3 ಅಂದರೆ ಡೆಬಿಯನ್ 12ಕ್ಕೆ ಮಾಡಿದ ಮೂರನೇ ತಿದ್ದುಪಡಿ. ಡೆಬಿಯನ್‌ನ ಸ್ಟೇಬಲ್ (ಸ್ಥಿರ) ಬಿಡುಗಡೆಯಲ್ಲಿ ಸಾಮಾನ್ಯವಾಗಿ ಹೊಸ ಆವೃತ್ತಿ ತಂದು ಹಾಕಲ್ಲ. ಲೋಪಕ್ಕೆ ಬೇಕಾದ ಪ್ಯಾಚ್ ಅನ್ನು ಮಾತ್ರ ಹಳೆಯದಕ್ಕೆ ಸೇರಿಸುತ್ತಾರೆ. ನಮ್ಮ ಸೆಟ್ಟಿಂಗ್‌ಗಳು ಕೆಡದಿರಲಿ ಅಂತ ಯಾರೋ ಕೂತು ಮಾಡುವ ಈ ಕೆಲಸದ ಮೇಲೆ ನನಗೆ ಅವತ್ತಿನಿಂದ ತುಂಬಾ ಗೌರವ.

"ನಂಬೋದು ಹೇಗೆ?" ಅಂದೆ.

"ಬರೆದಿಟ್ಟಿರ್ತಾರಲ್ಲ."

ಪ್ಯಾಕೇಜ್‌ನ ಬದಲಾವಣೆಗಳ ದಾಖಲೆ ತೋರಿಸುವ ಆಪ್ಟ್ ಚೇಂಜ್‌ಲಾಗ್ ಕಮಾಂಡ್ ಕೊಟ್ಟೆ. ಮೇಲ್ಗಡೆಯೇ ಯು3ರ ನಮೂದು. ಅದರಲ್ಲಿ ಅದೇ ಸಿವಿಇ ನಂಬರ್, ಕೆಳಗೆ ಪ್ಯಾಕೇಜ್ ಮಾಡಿದವರ ಹೆಸರು, ದಿನಾಂಕ, ಗಂಟೆ-ನಿಮಿಷ. ಸಮಾಧಾನ ಆಯ್ತು. ಇನ್ನೇನು ಮೇಲ್ ಬರೀಬೇಕು, ಅಷ್ಟರಲ್ಲಿ ಅಕ್ಕ ಕೇಳಿದರು, "ಇನ್ನೊಂದು ಸರ್ವರ್?"

ಅದರಲ್ಲಿ ಯು2 ಇತ್ತು.

ಎದೆ ಧಸಕ್ ಅಂತು. ಎರಡರಲ್ಲೂ 9.2 ಇದೆ ಅಂತ ಎರಡನ್ನೂ ಒಂದೇ ಅಂದುಕೊಂಡಿದ್ದೆ ಅಲ್ವಾ! ಹುಡುಕಿದರೆ, ಅಪ್‌ಡೇಟ್ ಎಲ್ಲಿಂದ ತರಬೇಕು ಅಂತ ಬರೆದಿಡುವ ಸೋರ್ಸಸ್ ಫೈಲ್‌ನಲ್ಲಿ ಸೆಕ್ಯುರಿಟಿ ರೆಪೊಸಿಟರಿಯ ಸಾಲಿನ ಮುಂದೆ # ಇತ್ತು. # ಇರುವ ಸಾಲನ್ನು ಆಪ್ಟ್ ಲೆಕ್ಕಕ್ಕೆ ತಗೊಳ್ಳಲ್ಲ. ಅಪ್‌ಡೇಟ್ ಮಾಡಿದಾಗ ಅದು ಸುಮ್ನೆ ದಾಟಿ ಹೋಗಿತ್ತು. # ತೆಗೆದು ಮತ್ತೆ ಅಪ್‌ಡೇಟ್ ಮಾಡಿದೆ. ಈ ಸಲ ಕೊನೆಯಿಂದಲೇ ಓದಿದೆ: ಯು3.

ಗ್ರಾಹಕರಿಗೆ ಎರಡೂ ಸರ್ವರ್‌ಗಳ ಪೂರ್ತಿ ನಂಬರ್ ಬರೆದು, ಚೇಂಜ್‌ಲಾಗ್‌ನ ಆ ನಮೂದನ್ನೂ ಸೇರಿಸಿ ಕಳಿಸಿದೆ. ಒಂದರಲ್ಲಿ ಬೆಳಿಗ್ಗೆವರೆಗೂ ಯು2 ಇತ್ತು ಅನ್ನೋದನ್ನೂ ಬರೆದೆ.